ಗೋಡೆ ನೇರಳೆಯೋ ನೀಲಿಯೋ: ವ್ಯಾನ್ ಗೋ ಪತ್ರಗಳ ಜಾಲತಾಣ ಬಳಸಿದ ಅನುಭವ

ನಮ್ಮ ಪ್ರೌಢಶಾಲೆಯ ಚಿತ್ರಕಲಾ ಕೊಠಡಿಯ ಗೋಡೆಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಅಂಟಿಸಿದ್ದೇನೆ. ಹತ್ತೊಂಬತ್ತನೆಯ ಶತಮಾನದ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಬಿಡಿಸಿದ ತನ್ನ ಮಲಗುವ ಕೋಣೆಯ ಚಿತ್ರ ಅದು. ಒಂದು ಮಂಚ, ಎರಡು ಕುರ್ಚಿ, ಒಂದು ಸಣ್ಣ ಮೇಜು, ಒಂದು ಕಿಟಕಿ. ತೀರ್ಥಹಳ್ಳಿ ಕಡೆಯ ಮಳೆಗಾಲಗಳನ್ನು ಕಂಡು ಕಂಡು ಹಾಳೆಯ ಕೆಳಮೂಲೆಗೆ ಬೂಷ್ಟು ಹಿಡಿದಿದೆ. ಆದರೂ ತೆಗೆಯಲು ಮನಸ್ಸು ಬಂದಿಲ್ಲ. ಬಣ್ಣಗಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ನನ್ನ ಬಳಿ ಇಲ್ಲ.

ಈ ವರ್ಷ ಶಾಲೆ ಶುರುವಾದ ಮೇಲೆ ಒಂಬತ್ತನೇ ತರಗತಿಗೆ ಅದೇ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಎಂದಿನಂತೆ 'ಗೋಡೆ: ನಸು ನೇರಳೆ' ಎಂದು ಬರೆದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಗೋಡೆ ನೀಲಿ ಇದೆಯಲ್ಲ?" ಎಂದಳು. ತಿರುಗಿ ನೋಡಿದೆ. ನೀಲಿಯೇ. ನೇರಳೆಯ ಸುಳಿವೂ ಇಲ್ಲ. ಇಪ್ಪತ್ತು ವರ್ಷಗಳಿಂದ ಆ ಚಿತ್ರದ ಪಕ್ಕದಲ್ಲೇ ನಿಂತು ನೇರಳೆ ಎಂದು ಹೇಳುತ್ತಾ ಬಂದಿದ್ದೇನೆ, ಒಂದು ಸಲವೂ ಕಣ್ಣಿಟ್ಟು ನೋಡಿರಲಿಲ್ಲ. ಆ ಹುಡುಗಿಗೆ ಉತ್ತರ ಕೊಡಲೇಬೇಕೆಂದು ಹೊರಟವಳಿಗೆ ಸಿಕ್ಕಿದ್ದು ಈ ಜಾಲತಾಣ. ನನ್ನಂಥ ಚಿತ್ರಕಲಾ ಶಿಕ್ಷಕರಿಗೂ, ಚಿತ್ರದ ಹಿಂದಿನ ಮಾತನ್ನು ಹುಡುಕುವ ಯಾರಿಗೇ ಆದರೂ ಇದು ಗೊತ್ತಿರಬೇಕು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಅಂದು ರಾತ್ರಿ ಮನೆಯ ಅಟ್ಟದಿಂದ ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದಾಗಿನ ನೋಟ್‌ಬುಕ್ ತೆಗೆದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: 'ಗೋಡೆ ನಸು ನೇರಳೆ. ತಮ್ಮನಿಗೆ ಪತ್ರ 554.' ಗುರುಗಳು ಹೇಳಿದ್ದನ್ನು ಬರೆದುಕೊಂಡಿದ್ದೆ, ಅಷ್ಟೆ. ಅವರು ಎಲ್ಲಿ ಓದಿದ್ದರು, ಪತ್ರದಲ್ಲಿ ಇನ್ನೇನಿತ್ತು, ಒಂದೂ ಇರಲಿಲ್ಲ.

ಜುಲೈಯಲ್ಲಿ ಸಾಲಾಗಿ ಮಳೆ ರಜೆ ಸಿಕ್ಕಿತು. ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು, ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಇನ್ವರ್ಟರ್ ಇರುವಷ್ಟು ಹೊತ್ತು ಲ್ಯಾಪ್‌ಟಾಪ್, ಅದು ಕೈಕೊಟ್ಟರೆ ಮೊಬೈಲ್. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಅಡಿಕೆ ಅಂಗಳದ ಕಡೆಯ ಜಗಲಿಯಲ್ಲಿ ಮಾತ್ರ. ಶಾಲು ಹೊದ್ದು ಅಲ್ಲೇ ಕುಳಿತೆ.

ಮೊದಲು ಸುಮ್ಮನೆ ಹುಡುಕಿದೆ. ಚಿತ್ರಗಳು ನೂರಾರು ಬಂದವು. ಒಂದರಲ್ಲಿ ಗೋಡೆ ಆಕಾಶದ ನೀಲಿ, ಇನ್ನೊಂದರಲ್ಲಿ ಬೂದಿ ನೀಲಿ, ಮತ್ತೊಂದರಲ್ಲಿ ಹಸಿರು ಬೆರೆತ ನೀಲಿ. ಅಚ್ಚು ಹಾಕಿದವರ ಮನಸ್ಸಿಗೆ ಬಂದ ಹಾಗೆ ಬಣ್ಣ. ಬರಹಗಳೂ ಹಾಗೆಯೇ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡವು. ಮೂಲ ಎಲ್ಲಿ ಎಂದರೆ ಯಾವುದೂ ತೋರಿಸುವುದಿಲ್ಲ. ಕಡೆಗೆ ಆಮ್ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಮತ್ತು ಹಾಲೆಂಡಿನದೇ ಹೈಗನ್ಸ್ ಸಂಶೋಧನಾ ಸಂಸ್ಥೆ ಸೇರಿ ಮಾಡಿರುವ 'ವ್ಯಾನ್ ಗೋ ಲೆಟರ್ಸ್ ಡಾಟ್ ಆರ್ಗ್' ಎಂಬ ತಾಣಕ್ಕೆ ಬಂದು ಮುಟ್ಟಿದೆ. 2009ರಲ್ಲಿ ಶುರುವಾದದ್ದು. ವಿನ್ಸೆಂಟ್ ಬರೆದ, ಅವನಿಗೆ ಬಂದ, ಇಂದು ಉಳಿದಿರುವ ಎಲ್ಲ ಪತ್ರಗಳೂ ಅದರಲ್ಲಿವೆ. ಒಟ್ಟು 902. ನಾಲ್ಕಾರು ಜನ ಕೂತು ಅವಸರದಲ್ಲಿ ಮುಗಿಸಿದ ಕೆಲಸವಲ್ಲ, ಹದಿನೈದು ವರ್ಷ ಹಿಡಿದ ಕೆಲಸ. ನೋಡಲು ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ನಡುವೆ ಜಾಹೀರಾತು ಬಂದು ಕಣ್ಣಿಗೆ ಕುಕ್ಕುವುದಿಲ್ಲ.

ನಾನು ನೇರವಾಗಿ 554ನೆಯ ಪತ್ರ ತೆಗೆದೆ. ಅದು ಅವನು ಆಂಟ್ವರ್ಪ್ ಊರಿನಲ್ಲಿದ್ದ ಕಾಲದ್ದು. ಮಲಗುವ ಕೋಣೆಯ ಚಿತ್ರವಾದರೋ ಆಮೇಲೆ, ಅವನು ದಕ್ಷಿಣ ಫ್ರಾನ್ಸಿನ ಆರ್ಲ್ ಊರಿಗೆ ಹೋದ ನಂತರ ಬಿಡಿಸಿದ್ದು. ಪತ್ರವನ್ನು ಎರಡು ಸಲ ಓದಿದರೂ ಕೋಣೆಯೂ ಇಲ್ಲ, ನೇರಳೆಯೂ ಇಲ್ಲ. ಗುರುಗಳು ತಪ್ಪು ಹೇಳಿದರೇ ಎಂಬ ಯೋಚನೆ ಬಂದಾಗ ಹೊಟ್ಟೆಯೊಳಗೆ ಸಂಕಟವಾಯಿತು. ಅವರು ಈಗ ಇಲ್ಲ, ಹೋಗಿ ಕೇಳುವಂತಿಲ್ಲ.

ಮರುದಿನ ಬೆಳಿಗ್ಗೆ ತಾಣದ ಇನ್ನೊಂದು ಭಾಗದಲ್ಲಿ ಹಳೆಯ ಸಂಖ್ಯೆ ಮತ್ತು ಹೊಸ ಸಂಖ್ಯೆಗಳನ್ನು ಎದುರುಬದುರು ಇಟ್ಟ ಪಟ್ಟಿ ಕಣ್ಣಿಗೆ ಬಿತ್ತು. ವಿಷಯ ಇಷ್ಟೆ. ಹಳೆಯ ಮುದ್ರಿತ ಸಂಪುಟಗಳಲ್ಲಿ ಪತ್ರಗಳಿಗೆ ಒಂದು ಕ್ರಮಸಂಖ್ಯೆ ಇತ್ತು. ಹೊಸ ಸಂಪಾದಕರು ದಿನಾಂಕಗಳನ್ನು ಮತ್ತೆ ಪರಿಶೀಲಿಸಿ, ಎಲ್ಲ ಪತ್ರಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ಹೊಸ ಸಂಖ್ಯೆ ಕೊಟ್ಟಿದ್ದಾರೆ. ಹಳೆಯ 554 ಎಂದರೆ ಹೊಸ 705. ನಮ್ಮೂರಿನಲ್ಲಿ ಹಳೆಯ ಸರ್ವೆ ನಂಬರು ಹಿಡಿದು ತೋಟ ಹುಡುಕಿದ ಹಾಗಾಗಿತ್ತು ನನ್ನ ಕಥೆ. ಗುರುಗಳು ಹೇಳಿದ್ದು ಸರಿಯಾಗಿಯೇ ಇತ್ತು. ಹಳೆಯ ಪುಸ್ತಕಗಳಲ್ಲಿ, ಲೇಖನಗಳ ಅಡಿಟಿಪ್ಪಣಿಗಳಲ್ಲಿ ಸಿಗುವ ಪತ್ರ ಸಂಖ್ಯೆ ಹಿಡಿದು ಬರುವವರು ಮೊದಲು ಈ ಪಟ್ಟಿಯನ್ನೇ ತೆರೆಯಿರಿ. ನನಗೆ ಒಂದು ದಿನ ವ್ಯರ್ಥವಾಯಿತು, ನಿಮಗೆ ಆಗುವುದು ಬೇಡ.

705ನೆಯ ಪತ್ರ ತಮ್ಮ ಥಿಯೋನಿಗೆ ಬರೆದದ್ದು, 1888ರ ಅಕ್ಟೋಬರ್ 16ರಂದು. ತೆರೆದ ಕೂಡಲೇ ಪರದೆ ಎರಡು ಭಾಗವಾಗುತ್ತದೆ. ಒಂದು ಕಡೆ ಅವನು ಬರೆದ ಫ್ರೆಂಚ್ ಪಠ್ಯ, ಇನ್ನೊಂದು ಕಡೆ ಇಂಗ್ಲಿಷ್ ಅನುವಾದ. ಬೇಕೆಂದರೆ ಯಾವುದೋ ಒಂದು ಕಡೆ ಪತ್ರದ ಹಾಳೆಯ ಚಿತ್ರವನ್ನೇ ತರಿಸಿಕೊಳ್ಳಬಹುದು, ಟಿಪ್ಪಣಿಗಳನ್ನು ತರಿಸಿಕೊಳ್ಳಬಹುದು, ಪತ್ರದಲ್ಲಿ ಹೆಸರು ಬಂದ ಕಲಾಕೃತಿಗಳನ್ನು ಸಾಲಾಗಿ ನೋಡಬಹುದು. ನಾನು ಹಾಳೆಯ ಚಿತ್ರವನ್ನು ತೆರೆದೆ. ನಮ್ಮ ಜಗಲಿಯಲ್ಲಿ ಅದು ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿದು ಬಂತು. ಓರೆಯಾದ ಸಣ್ಣ ಅಕ್ಷರಗಳ ಸಾಲುಗಳು, ಜೊತೆಗೆ ಅವನೇ ಶಾಯಿಯಲ್ಲಿ ಗೀಚಿದ ಮಲಗುವ ಕೋಣೆ. ಬಣ್ಣವಿಲ್ಲ, ಗೆರೆ ಮಾತ್ರ. ನೂರಾರು ಸಲ ನೋಡಿದ ಚಿತ್ರ ಹುಟ್ಟಿದ ಗಳಿಗೆಯಲ್ಲಿ ಹೀಗಿತ್ತು. ನಾನು ಎಷ್ಟು ಹೊತ್ತು ನೋಡುತ್ತಾ ಕುಳಿತಿದ್ದೆನೋ, ಒಳಗೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು.

ಪತ್ರದಲ್ಲಿ ಅವನು ಬಣ್ಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಗೋಡೆ ನಸು ನೇರಳೆ. ಫ್ರೆಂಚಿನಲ್ಲೂ 'ವಿಯೊಲೆ ಪಾಲ್' ಎಂದೇ ಇದೆ, ಅನುವಾದಕರ ಕೈಚಳಕವಲ್ಲ. ನೆಲ ಕೆಂಪು ಹೆಂಚಿನದು. ಮಂಚದ ಮರ ಮತ್ತು ಕುರ್ಚಿಗಳು ಆಗತಾನೆ ತೆಗೆದ ಬೆಣ್ಣೆಯ ಹಳದಿ. ಹಾಸು, ದಿಂಬು ತಿಳಿ ನಿಂಬೆ ಹಸಿರು. ಹೊದಿಕೆ ಕಡುಗೆಂಪು. ಕಿಟಕಿ ಹಸಿರು, ಮುಖ ತೊಳೆಯುವ ಮೇಜು ಕಿತ್ತಳೆ, ಬೋಗುಣಿ ನೀಲಿ, ಬಾಗಿಲುಗಳು ತಿಳಿ ನೇರಳೆ. ಚಿತ್ರದೊಳಗೆ ಬಿಳಿ ಇಲ್ಲವಾದ್ದರಿಂದ ಚೌಕಟ್ಟು ಬಿಳಿಯದಾಗಿರಬೇಕು ಎಂಬ ಮಾತೂ ಇದೆ. ಜಪಾನಿನ ಅಚ್ಚುಚಿತ್ರಗಳಂತೆ ನೆರಳುಗಳನ್ನೆಲ್ಲ ತೆಗೆದು ಚಪ್ಪಟೆ ಬಣ್ಣ ಬಳಿದಿದ್ದೇನೆ, ನೋಡಿದವರ ಮನಸ್ಸಿಗೆ ವಿಶ್ರಾಂತಿ ಸಿಗಬೇಕು ಎನ್ನುತ್ತಾನೆ. ಆ ದಿನಗಳಲ್ಲಿ ಅವನ ಕಣ್ಣುಗಳೇ ದಣಿದಿದ್ದವು.

ಬೆಣ್ಣೆಯ ಮಾತನ್ನು ತರಗತಿಯಲ್ಲಿ ಓದಿ ಹೇಳಿದಾಗ ಒಬ್ಬ ಹುಡುಗ ಕೂಡಲೇ "ಹಾಗಾದರೆ ಹಸುವಿನ ಬೆಣ್ಣೆ ಮೇಡಂ, ಎಮ್ಮೆಯದಲ್ಲ" ಎಂದ. ಎಮ್ಮೆ ಬೆಣ್ಣೆ ಬಿಳಿ, ಹಸುವಿನದು ಹಳದಿ ಎಂಬುದು ಮನೆಯಲ್ಲಿ ಕರಾವು ಇರುವ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.

ಟಿಪ್ಪಣಿಯ ಜಾಡು ಹಿಡಿದು ಮುಂದಿನ 706ನೆಯ ಪತ್ರಕ್ಕೆ ಹೋದೆ. ಅದು ಸುಮಾರು ಮರುದಿನ ಚಿತ್ರಕಾರ ಗೋಗ್ಯಾಂಗೆ ಬರೆದದ್ದು. ಅದೇ ಕೋಣೆ, ಅದೇ ಚಿತ್ರ. ಆದರೆ ಮಾತು ಬೇರೆ. ತಮ್ಮನಿಗೆ ಬೆಣ್ಣೆಯ ಹಳದಿ ಎಂದಿದ್ದವನು ಇಲ್ಲಿ ಕ್ರೋಮ್ ಹಳದಿ ಎನ್ನುತ್ತಾನೆ. ಕೆಂಪು ಹೆಂಚಿನ ನೆಲ ಇಲ್ಲಿ ಮಾಸಿದ ಕೆಂಪು. ಕಡುಗೆಂಪು ಹೊದಿಕೆ ಇಲ್ಲಿ ರಕ್ತಗೆಂಪು. ನನಗೆ ತೋಚಿದ್ದು ಇಷ್ಟು: ಥಿಯೋ ಚಿತ್ರಗಳನ್ನು ಮಾರುವ ವ್ಯಾಪಾರದಲ್ಲಿದ್ದವನು, ಕುಂಚ ಹಿಡಿಯುವವನಲ್ಲ. ಅವನಿಗೆ ಕಣ್ಣಿಗೆ ಕಟ್ಟುವ ಹಾಗೆ ಬೆಣ್ಣೆಯನ್ನು ಹೇಳಬೇಕು. ಗೋಗ್ಯಾಂ ಬಣ್ಣದ ಟ್ಯೂಬು ಹಿಂಡುವವನು, ಅವನಿಗೆ ಟ್ಯೂಬಿನ ಹೆಸರು ಸಾಕು. ಈ ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಲು ಆದದ್ದು ನನಗೆ ಈ ಮಳೆಗಾಲದ ದೊಡ್ಡ ಸಂತೋಷ. ಗೋಡೆಯ ವಿಷಯದಲ್ಲಿ ಮಾತ್ರ ಎರಡು ಪತ್ರಗಳೂ ಒಂದೇ ಕಡೆ ಇವೆ. ಗೋಗ್ಯಾಂಗೂ ಅವನು ಹೇಳಿದ್ದು ತಿಳಿ ನೇರಳೆಯನ್ನೇ.

ಹಾಗಾದರೆ ಕ್ಯಾಲೆಂಡರಿನಲ್ಲಿ ನೀಲಿ ಏಕೆ? ಈ ಚಿತ್ರ ಒಂದಲ್ಲ, ಮೂರು ಇವೆ ಎಂಬುದು ಮೊದಲು ತಿಳಿಯಬೇಕು. ಒಂದು ಆಮ್ಸ್ಟರ್‌ಡ್ಯಾಮಿನಲ್ಲಿ, ಒಂದು ಶಿಕಾಗೋದಲ್ಲಿ, ಚಿಕ್ಕದೊಂದು ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಂನಲ್ಲಿ. ಕ್ಯಾಲೆಂಡರಿನವರು ಯಾವುದೆಂದು ಬರೆದಿರಲಿಲ್ಲ. ತಾಣದ ಟಿಪ್ಪಣಿಗಳಲ್ಲಿ ಪ್ರತಿ ಚಿತ್ರಕ್ಕೂ ಎಫ್ ಮತ್ತು ಜೆಎಚ್ ಎಂಬ ಎರಡು ಸಂಖ್ಯೆಗಳಿರುತ್ತವೆ, ವ್ಯಾನ್ ಗೋ ಕೃತಿಗಳನ್ನು ಪಟ್ಟಿ ಮಾಡಿದ ಡಿ ಲಾ ಫಾಯ್ ಮತ್ತು ಯಾನ್ ಹುಲ್ಸ್ಕರ್ ಎಂಬ ಇಬ್ಬರ ಹೆಸರಿನಿಂದ ಬಂದವು. ಆ ಸಂಖ್ಯೆ ಹಿಡಿದರೆ ಒಂದೇ ಹೆಸರಿನ ಚಿತ್ರಗಳ ನಡುವೆ ಗೊಂದಲವಾಗುವುದಿಲ್ಲ. ಆಮ್ಸ್ಟರ್‌ಡ್ಯಾಮಿನದು ಎಫ್ 482, ಶಿಕಾಗೋದ್ದು ಎಫ್ 484, ಪ್ಯಾರಿಸ್ಸಿನದು ಎಫ್ 483. ಶಾಲೆ ತೆರೆದ ದಿನ ಭೂತಗನ್ನಡಿ ತೆಗೆದುಕೊಂಡು ಕ್ಯಾಲೆಂಡರಿನ ಮುಂದೆ ನಿಂತೆ. ಮಂಚದ ಮೇಲಿನ ಗೋಡೆಯಲ್ಲಿ ಎರಡು ಪುಟ್ಟ ಭಾವಚಿತ್ರಗಳಿವೆ. ಶಿಕಾಗೋದ ಚಿತ್ರದಲ್ಲಿ ಒಂದು ವಿನ್ಸೆಂಟನದೇ ಮುಖ, ಇನ್ನೊಂದು ಹೆಂಗಸಿನದು. ನಮ್ಮದರಲ್ಲಿ ಎರಡೂ ಗಂಡಸರದು, ಅವನ ಗೆಳೆಯರಾದ ಬೋಕ್ ಮತ್ತು ಮಿಲಿಯೆಯವರದು. ಅಂದರೆ ಆಮ್ಸ್ಟರ್‌ಡ್ಯಾಮಿನ ಮೊದಲ ಚಿತ್ರ, ಪತ್ರದಲ್ಲಿ ಹೇಳಿದ ಚಿತ್ರವೇ.

ಆ ಮ್ಯೂಸಿಯಂನವರೇ ಬಣ್ಣವನ್ನು ಪರೀಕ್ಷಿಸಿ ಹೇಳಿದ್ದಾರೆ: ಗೋಡೆ, ಬಾಗಿಲುಗಳು ಮೊದಲು ನೇರಳೆಯೇ ಆಗಿದ್ದವು. ನೇರಳೆ ಮಾಡಲು ನೀಲಿಗೆ ಬೆರೆಸಿದ ಕೆಂಪು ಬೆಳಕು ತಾಳದ ಬಣ್ಣ. ವರ್ಷಗಳು ಕಳೆದಂತೆ ಕೆಂಪು ಹಾರಿಹೋಯಿತು, ನೀಲಿ ಉಳಿಯಿತು. ನಮ್ಮ ಹುಡುಗಿಯ ಕಣ್ಣೂ ಸರಿ, ಗುರುಗಳ ಮಾತೂ ಸರಿ. ಬಟ್ಟೆಯ ಮೇಲೆ ಇಲ್ಲದ ಬಣ್ಣ ಕಾಗದದ ಮೇಲೆ ಅಕ್ಷರವಾಗಿ ಉಳಿದಿತ್ತು.

ಅವನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. 1888ರ ಏಪ್ರಿಲಿನಲ್ಲೇ ತಮ್ಮನಿಗೆ ಬಣ್ಣ ತರಿಸುವ ಪಟ್ಟಿಯ ಬಗ್ಗೆ ಬರೆಯುತ್ತಾ, ಈಚೆಗೆ ಚಾಲ್ತಿಗೆ ಬಂದ ಬಣ್ಣಗಳೆಲ್ಲ ನಿಲ್ಲುವಂಥವಲ್ಲ, ಆದ್ದರಿಂದಲೇ ಧೈರ್ಯವಾಗಿ ಗಾಢವಾಗಿ ಬಳಿಯಬೇಕು, ಕಾಲವೇ ಅವನ್ನು ಬೇಕಾದ್ದಕ್ಕಿಂತ ಹೆಚ್ಚು ಮೆದುವಾಗಿಸುತ್ತದೆ ಎಂದು ಹೇಳಿದ್ದಾನೆ.

ಇನ್ನೊಂದು ಪತ್ರ ನನ್ನನ್ನು ತುಂಬ ಕಾಡಿತು. 1889ರ ಏಪ್ರಿಲ್ ಕೊನೆಯದು. ಅವನು ಆಸ್ಪತ್ರೆಯಲ್ಲಿದ್ದಾಗ ಪ್ರವಾಹ ಮನೆಯ ಹತ್ತಿರದವರೆಗೂ ಬಂದಿತ್ತು. ಮನೆಯಲ್ಲಿ ಬೆಂಕಿ ಹಾಕುವವರು ಇರಲಿಲ್ಲ. ಹಿಂದಿರುಗಿದಾಗ ಗೋಡೆಗಳಿಂದ ನೀರು, ಉಪ್ಪು ಜಿನುಗುತ್ತಿತ್ತು, ಚಿತ್ರಗಳು ಹಾಳಾಗಿದ್ದವು. ಈ ಮಲಗುವ ಕೋಣೆಗೂ ಪೆಟ್ಟು ಬಿದ್ದಿತ್ತು. ಅದನ್ನು ರಿಪೇರಿಗೆ ಕೊಡುವ ಮೊದಲು ನಕಲು ಮಾಡಿಟ್ಟುಕೋ ಎಂದು ಥಿಯೋ ಹೇಳಿದ್ದರಿಂದಲೇ ಆ ಸೆಪ್ಟೆಂಬರಿನಲ್ಲಿ ಎರಡನೆಯ ಚಿತ್ರ ಹುಟ್ಟಿತು. ತಾಯಿ ಮತ್ತು ತಂಗಿಗೆಂದು ಚಿಕ್ಕದಾಗಿ ಮೂರನೆಯದು. ಒಲೆ ಉರಿಯದ ಮನೆಗೆ ಥಂಡಿ ಹಿಡಿಯುವುದು ಎಂದರೆ ಏನೆಂದು ಮಲೆನಾಡಿನವರಿಗೆ ಯಾರೂ ವಿವರಿಸಬೇಕಿಲ್ಲ. ಎರಡು ತಿಂಗಳು ಬೀಗ ಹಾಕಿದ ಮನೆಯ ಬಾಗಿಲು ಆಷಾಢದಲ್ಲಿ ತೆರೆದವರಿಗೆ ಆ ವಾಸನೆ ಗೊತ್ತು.

ನನ್ನ ಅವ್ವ ಸಾಗರದ ಕಡೆಯವಳು, ದೀವರ ಮನೆಯವಳು. ಮದುವೆ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆಯುತ್ತಿದ್ದಳು. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೂ ಅವಳದೇ ಚಿತ್ತಾರ. ನೆನೆಸಿದ ಅಕ್ಕಿ ಅರೆದು ಬಿಳಿ, ಅಕ್ಕಿಯನ್ನೇ ಕರಕಾಗುವಷ್ಟು ಹುರಿದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ಕುಂಚ ಹಿಡಿದರೆ ಒಂದು ಎಳೆ ಕೂಡ ಅಲುಗದಂತೆ ಎಳೆಯುತ್ತಿದ್ದಳು. ಆ ಗೋಡೆ ಈಗಿಲ್ಲ, ಮನೆ ಕೆಡವಿ ತಾರಸಿ ಕಟ್ಟಿದರು. ಅವ್ವನ ಹಳದಿ ಎಂಥ ಹಳದಿಯಾಗಿತ್ತು ಎಂದು ಈಗ ಯಾರಾದರೂ ಕೇಳಿದರೆ ತೋರಿಸಲು ನನ್ನಲ್ಲಿ ಏನೂ ಇಲ್ಲ. ಗುರಿಗೆಯನ್ನು ಎಷ್ಟು ಹಾಕುತ್ತಿದ್ದಳೋ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. 705ನೆಯ ಪತ್ರ ಓದಿದ ರಾತ್ರಿ ಅದೇ ನೆನಪಾಗಿ ನಿದ್ದೆ ಬರಲಿಲ್ಲ.

ಈ ಪತ್ರಗಳು ಉಳಿದದ್ದೂ ಮನೆಯವರ ಜೋಪಾನದಿಂದಲೇ. ಅಣ್ಣ ಬರೆದ ಪತ್ರಗಳನ್ನು ಥಿಯೋ ಎಸೆಯದೆ ಇಟ್ಟುಕೊಂಡ. ವಿನ್ಸೆಂಟ್ ತನಗೆ ಬಂದವುಗಳನ್ನು ಅಷ್ಟಾಗಿ ಉಳಿಸಲಿಲ್ಲ, ಅದಕ್ಕೇ 902ರಲ್ಲಿ ಅವನಿಗೆ ಬಂದ ಪತ್ರಗಳು 83 ಮಾತ್ರ. 1890ರ ಜುಲೈಯಲ್ಲಿ ಅಣ್ಣ ತೀರಿಕೊಂಡ, ಆರು ತಿಂಗಳಲ್ಲಿ ತಮ್ಮನೂ ಹೋದ. ಥಿಯೋನ ಹೆಂಡತಿ ಯೊಹಾನಾ ಕೈಯಲ್ಲಿ ಒಂದು ವರ್ಷದ ಮಗು, ಯಾರೂ ಕೊಳ್ಳದ ಚಿತ್ರಗಳ ರಾಶಿ, ಪತ್ರಗಳ ಕಟ್ಟು. ಅವಳು ಅವನ್ನು ಓದಿ, ದಿನಾಂಕವಿಲ್ಲದವುಗಳಿಗೆ ಕಾಲ ಗೊತ್ತುಮಾಡಿ, 1914ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದಳು. ಇಂದು ನಾನು ಅಡಿಕೆ ಅಂಗಳದ ಪಕ್ಕ ಕುಳಿತು ಓದುತ್ತಿರುವುದು ಆ ಹೆಣ್ಣುಮಗಳ ಋಣದಲ್ಲಿ.

ಬಳಸುವವರಿಗೆ ನಾಲ್ಕು ಮಾತು. ಮೊಬೈಲಿನಲ್ಲಿ ಪಕ್ಕಪಕ್ಕದ ಎರಡು ಪಠ್ಯಗಳನ್ನು ಓದುವುದು ಕಷ್ಟ, ದೊಡ್ಡ ಪರದೆ ಬೇಕು. ಪಠ್ಯ ಬೇಗ ಬರುತ್ತದೆ, ಹಾಳೆಯ ಚಿತ್ರಗಳಿಗೆ ಒಳ್ಳೆಯ ಸಂಪರ್ಕ ಬೇಕು. ಏನು ಹುಡುಕಬೇಕೆಂದು ಗೊತ್ತಿಲ್ಲದವರು ರೇಖಾಚಿತ್ರಗಳಿರುವ ಪತ್ರಗಳ ಪಟ್ಟಿಯಿಂದ ಶುರು ಮಾಡಲಿ. ಊರಿನ ಪ್ರಕಾರ, ಕಾಲದ ಪ್ರಕಾರ, ಯಾರಿಗೆ ಬರೆದದ್ದು ಎಂಬುದರ ಪ್ರಕಾರವೂ ಪಟ್ಟಿಗಳಿವೆ. ಪದ ಹಾಕಿ ಹುಡುಕುವಾಗ ಇಂಗ್ಲಿಷ್ ಅನುವಾದದ ಪದ ಬೇರೆ ಇರಬಹುದು ಎಂಬುದು ನೆನಪಿರಲಿ. ವಯಲೆಟ್ ಎಂದು ಹುಡುಕಿದರೆ ಗೋಗ್ಯಾಂಗೆ ಬರೆದ ಪತ್ರದ ಗೋಡೆ ಸಿಗುವುದಿಲ್ಲ, ಲೈಲ್ಯಾಕ್ ಎಂದೂ ಹುಡುಕಬೇಕು.

ನಾನು ಇನ್ನೊಂದು ಕೆಲಸಕ್ಕೂ ಬಳಸಿದೆ. ವ್ಯಾನ್ ಗೋ ಹೇಳಿದ್ದು ಎಂದು ಮೊಬೈಲಿನಲ್ಲಿ ಓಡಾಡುವ ಮಾತುಗಳಿವೆಯಲ್ಲ, ಅವುಗಳ ಪೈಕಿ ಎರಡನ್ನು ಹುಡುಕಿದೆ. ದೊಡ್ಡ ಕೆಲಸಗಳು ಸಣ್ಣ ಸಣ್ಣ ಕೆಲಸಗಳು ಕೂಡಿ ಆಗುತ್ತವೆ ಎಂಬ ಅರ್ಥದ ಮಾತು ನಿಜವಾಗಿಯೂ ಅವನದು, 1882ರ ಅಕ್ಟೋಬರಿನಲ್ಲಿ ತಮ್ಮನಿಗೆ ಬರೆದ ಪತ್ರದಲ್ಲಿದೆ. ಚಿತ್ರದ ಕನಸು ಕಾಣುತ್ತೇನೆ, ಆಮೇಲೆ ಕನಸನ್ನು ಚಿತ್ರಿಸುತ್ತೇನೆ ಎಂಬ ಮಾತು ನನಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದನ್ನು ಶಾಲೆಯ ಗೋಡೆಯ ಮೇಲೆ ಬರೆಸಬೇಕೆಂದಿದ್ದೆ. ಬರೆಸುವುದಿಲ್ಲ.

ಕನ್ನಡವಿಲ್ಲ ಎಂಬುದೊಂದೇ ನನಗೆ ಕೊರತೆ. ಇಂಗ್ಲಿಷ್ ತಡವರಿಸುವ ಮಕ್ಕಳಿಗೆ ಇದನ್ನು ತೆರೆದುಕೊಟ್ಟು ಸುಮ್ಮನಿರಲು ಆಗುವುದಿಲ್ಲ, ಪಕ್ಕದಲ್ಲಿ ಕುಳಿತು ಹೇಳುವವರು ಬೇಕು. ನಾನು 705 ಮತ್ತು 706ನೆಯ ಪತ್ರಗಳ ಬಣ್ಣದ ಭಾಗವನ್ನಷ್ಟೇ ಕನ್ನಡಕ್ಕೆ ಮಾಡಿಕೊಂಡು, ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ನಲವತ್ತು ಪ್ರತಿ ತೆಗೆಸಿ ಹಂಚಿದೆ. ಅಂಗಡಿಯವರು ಒಂದು ಪ್ರತಿಯನ್ನು ತಾವೂ ಇಟ್ಟುಕೊಂಡರು.

ಮಳೆ ಹೊಳವಾದ ಮೇಲೆ, ಅಕ್ಟೋಬರ್ 16ರಂದೇ, ಒಂಬತ್ತನೇ ತರಗತಿಯವರು ಸೇರಿ ನಸು ನೇರಳೆ ಬೆರೆಸಿದರು. ಜಲವರ್ಣದ ಡಬ್ಬಿಯ ನೀಲಿ, ಅದಕ್ಕೆ ಕ್ರಿಮ್ಸನ್ ಲೇಕ್ ಎಂಬ ಕೆಂಪು, ಒಂದಿಷ್ಟು ಬಿಳಿ. ದಪ್ಪ ಕಾಗದದ ಎರಡು ಪಟ್ಟಿಗಳಿಗೆ ಬಳಿದು, ಪ್ರತಿ ಪಟ್ಟಿಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ, ದಕ್ಷಿಣದ ಕಿಟಕಿಯ ಗಾಜಿಗೆ ಅಂಟಿಸಿದ್ದಾರೆ. ಬೇಸಿಗೆ ರಜೆಗೆ ಮುಂಚೆ ಬಿಚ್ಚಿ ನೋಡುವುದೆಂದು ಮಾತಾಗಿದೆ. ಪಟ್ಟಿಗಳ ಕೆಳಗೆ ಆ ಹುಡುಗಿ ಒಂದು ಚೀಟಿ ಬರೆದು ಹಚ್ಚಿದ್ದಾಳೆ: 'ಇದು ನೇರಳೆ. ನೀಲಿ ಐದು ಹನಿ, ಕೆಂಪು ಮೂರು ಹನಿ, ಬಿಳಿ ಒಂದು ಚಮಚ.' ಕೆಳಗೆ ತಾರೀಖು, ಅವಳ ಸಹಿ.